ಆಂಡ್ರಾಯ್ಡ್ ಜೆಲ್ಲಿ ಬೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಫೋನು ಎಸೆಯಲು ಕೈಬಾರದವನು ಎಂಬ ಹೆಸರು ನನಗಿದೆ. ಹಾಗಾಗಿ ಮನೆ ಗುಡಿಸುವಾಗ, ಬೀರು ತೆರೆದಾಗ ಹಳೆಯ ಆಂಡ್ರಾಯ್ಡ್ ಫೋನು ಕೈಗೆ ಸಿಕ್ಕವರೆಲ್ಲ ಒಂದಲ್ಲ ಒಂದು ಪ್ರಶ್ನೆ ಹೊತ್ತುಕೊಂಡು ಬರುತ್ತಾರೆ. ಆ ಫೋನುಗಳಲ್ಲಿ ಹೆಚ್ಚಿನವು ಜೆಲ್ಲಿ ಬೀನ್ ಕಾಲದವು. ಒಂದೇ ಉತ್ತರವನ್ನು ಹತ್ತು ಜನರಿಗೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಲು ಸುಲಭದವು, ಕೊನೆಗೆ ಸ್ವಲ್ಪ ಆಳದವು.

## ಮೊದಲ ಪರಿಚಯ

ಜೆಲ್ಲಿ ಬೀನ್ ಅಂದ್ರೆ ಫೋನಾ, ಆ್ಯಪಾ?

ಎರಡೂ ಅಲ್ಲ. ಅದು ಗೂಗಲ್‌ನ ಆಂಡ್ರಾಯ್ಡ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ಆವೃತ್ತಿ. ಪರದೆ ಬೆಳಗಿಸುವುದು, ಬೆರಳಿನ ಸ್ಪರ್ಶ ಗುರುತಿಸುವುದು, ಆ್ಯಪ್‌ಗಳಿಗೆ ಜಾಗ ಹಂಚುವುದು, ಕರೆ ಬಂದಾಗ ಗಂಟೆ ಬಾರಿಸುವುದು, ಇದೆಲ್ಲ ಅದರ ಕೆಲಸ. 2012ರ ಜೂನ್ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಗೂಗಲ್ ಐ/ಓ ಸಮ್ಮೇಳನದಲ್ಲಿ ಇದನ್ನು ಪ್ರಕಟಿಸಿದರು. ಜುಲೈನಲ್ಲಿ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಯಿತು. ಗ್ಯಾಲಕ್ಸಿ ನೆಕ್ಸಸ್ ಫೋನಿಗೆ ಅದೇ ತಿಂಗಳು ಅಪ್‌ಡೇಟ್ ಹೋಯಿತು. ಪೆಟ್ಟಿಗೆಯಿಂದ ತೆಗೆದಾಗಲೇ ಜೆಲ್ಲಿ ಬೀನ್ ಇದ್ದ ಮೊದಲ ಸಾಧನ ಫೋನಲ್ಲ, ಆಸುಸ್ ಕಂಪನಿ ತಯಾರಿಸಿದ ನೆಕ್ಸಸ್ 7 ಟ್ಯಾಬ್ಲೆಟ್. ಅಮೆರಿಕದಲ್ಲಿ ಅದರ ಆರಂಭದ ಬೆಲೆ 199 ಡಾಲರ್.

ಈ ತಿಂಡಿ ಹೆಸರುಗಳೆಲ್ಲ ಯಾಕೆ?

ಆಗ ಆಂಡ್ರಾಯ್ಡ್ ಆವೃತ್ತಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಿಹಿತಿಂಡಿಯ ಹೆಸರಿಡುತ್ತಿದ್ದರು. ಕಪ್‌ಕೇಕ್, ಡೋನಟ್, ಎಕ್ಲೇರ್, ಫ್ರೋಯೋ, ಜಿಂಜರ್‌ಬ್ರೆಡ್, ಹನಿಕೋಂಬ್, ಐಸ್ ಕ್ರೀಮ್ ಸ್ಯಾಂಡ್‌ವಿಚ್ ಆದಮೇಲೆ ‘ಜೆ’ ಸರದಿ. ಜೆಲ್ಲಿ ಬೀನ್ ಎಂದರೆ ಅವರೆಕಾಳಿನ ಆಕಾರದ, ಮೇಲೆ ಗಟ್ಟಿ ಸಕ್ಕರೆ ಕವಚ, ಒಳಗೆ ಮೆತ್ತಗಿರುವ ಬಣ್ಣಬಣ್ಣದ ಮಿಠಾಯಿ. 2019ರಲ್ಲಿ ಆಂಡ್ರಾಯ್ಡ್ 10 ಬಂದಾಗ ಹೊರಗೆ ಹೇಳುವ ತಿಂಡಿ ಹೆಸರನ್ನು ಕೈಬಿಟ್ಟರು. ಬರಿಯ ಸಂಖ್ಯೆ ನೆನಪಿಟ್ಟುಕೊಳ್ಳುವುದು ನನಗಂತೂ ಕಷ್ಟ.

4.1, 4.2, 4.3 ಮೂರೂ ಜೆಲ್ಲಿ ಬೀನ್ ಅಂತಾರಲ್ಲ, ಒಂದೇನಾ?

ಹೆಸರು ಒಂದೇ, ಒಳಗಿನ ಸರಕು ಬೇರೆ ಬೇರೆ. 4.1 ಬಂದದ್ದು 2012ರ ಜುಲೈನಲ್ಲಿ. 4.2ನ್ನು 2012ರ ಅಕ್ಟೋಬರ್ 29ರಂದು ನ್ಯೂಯಾರ್ಕ್‌ನ ಸಮಾರಂಭವೊಂದರಲ್ಲಿ ತೋರಿಸಬೇಕಿತ್ತು. ಅದೇ ಹೊತ್ತಿಗೆ ಸ್ಯಾಂಡಿ ಚಂಡಮಾರುತ ನಗರಕ್ಕೆ ಅಪ್ಪಳಿಸಿದ್ದರಿಂದ ಸಮಾರಂಭ ರದ್ದಾಗಿ, ಬರಹದ ಪ್ರಕಟಣೆಯಲ್ಲೇ ಮುಗಿಯಿತು. ನವೆಂಬರ್ 13ರಂದು ಎಲ್‌ಜಿ ತಯಾರಿಸಿದ ನೆಕ್ಸಸ್ 4 ಮತ್ತು ಸ್ಯಾಮ್‌ಸಂಗ್ ತಯಾರಿಸಿದ ನೆಕ್ಸಸ್ 10 ಜೊತೆ 4.2 ಹೊರಬಂತು. 4.3 ಬಂದದ್ದು 2013ರ ಜುಲೈ 24ರಂದು, ಎರಡನೇ ತಲೆಮಾರಿನ ನೆಕ್ಸಸ್ 7 ಜೊತೆ. ಆ ಅಕ್ಟೋಬರ್ ಕೊನೆಗೆ 4.4 ಬಂದು ಹೆಸರು ಕಿಟ್‌ಕ್ಯಾಟ್ ಆಯಿತು.

ನನ್ನ ಹತ್ರ ಇರೋದು ಜೆಲ್ಲಿ ಬೀನೇ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?

ಸೆಟ್ಟಿಂಗ್ಸ್‌ನಲ್ಲಿ ಕಟ್ಟಕಡೆಗೆ ‘ಅಬೌಟ್ ಫೋನ್’ ಇರುತ್ತದೆ. ಅಲ್ಲಿ ಆಂಡ್ರಾಯ್ಡ್ ವರ್ಷನ್ ಎಂಬ ಸಾಲಿನ ಮೇಲೆ ಬೇಗಬೇಗ ಕೆಲವು ಸಲ ತಟ್ಟಿ. ಮುಗುಳ್ನಗುವ ಕೆಂಪು ಜೆಲ್ಲಿ ಬೀನ್ ಚಿತ್ರ ಬಂದರೆ ಖಾತ್ರಿ. ಅದನ್ನು ಒತ್ತಿ ಹಿಡಿದರೆ ಪರದೆ ತುಂಬ ಬೀನುಗಳು ತೇಲುತ್ತವೆ, ಬೆರಳಿನಿಂದ ಚಿಮ್ಮಿಸಬಹುದು. ಯಾವ ಉಪಯೋಗವೂ ಇಲ್ಲದ ಆಟ. ಮನೆಯ ಮಗುವಿಗೆ ತೋರಿಸಿದರೆ ಫೋನು ಅರ್ಧ ಗಂಟೆ ವಾಪಸು ಸಿಗುವುದಿಲ್ಲ.

## ಬಳಸುವವರಿಗೆ ಕಂಡ ಬದಲಾವಣೆ

ಜೆಲ್ಲಿ ಬೀನ್ ಹಾಕಿದ ಮೇಲೆ ಅದೇ ಫೋನು ಬೆಣ್ಣೆ ಥರ ಓಡ್ತಿತ್ತಲ್ಲ, ಅವರು ಮಾಡಿದ್ದಾದ್ರೂ ಏನು?

ನೀವು ಬಳಸಿದ ಪದವನ್ನೇ ಅವರೂ ಬಳಸಿದ್ದಾರೆ: ಆ ಕೆಲಸದ ಹೆಸರೇ ‘ಪ್ರಾಜೆಕ್ಟ್ ಬಟರ್’.

ಅದಕ್ಕೂ ಮುಂಚಿನ ಆಂಡ್ರಾಯ್ಡ್‌ನಲ್ಲಿ ಪಟ್ಟಿಯೊಂದನ್ನು ಬೆರಳಿನಿಂದ ಸರಿಸಿದರೆ ಅದು ಕುಂಟುತ್ತಾ ಸರಿಯುತ್ತಿತ್ತು. ಪಕ್ಕದಲ್ಲಿ ಐಫೋನ್ ಇಟ್ಟುಕೊಂಡವರ ಮುಂದೆ ಮುಜುಗರ. ಎಲ್ಲರೂ ಪ್ರೊಸೆಸರ್ ಸಾಲದು ಅಂದುಕೊಂಡರು, ಕಂಪನಿಗಳು ಕೋರ್‌ಗಳ ಸಂಖ್ಯೆ ಹೆಚ್ಚಿಸಿದವು, ಕುಂಟುವುದು ನಿಲ್ಲಲಿಲ್ಲ. ತೊಂದರೆ ಇದ್ದದ್ದು ತಾಳದಲ್ಲಿ.

ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುತ್ತದೆ. ಅಂದರೆ ಒಂದೊಂದು ಚಿತ್ರ ಸಿದ್ಧಪಡಿಸಲು ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಹಿಂದೆ ಆ್ಯಪ್ ತನಗೆ ತೋಚಿದ ಹೊತ್ತಿಗೆ ಚಿತ್ರ ಬಿಡಿಸಲು ಶುರುಮಾಡುತ್ತಿತ್ತು. ಕೆಲಸ ಹತ್ತೇ ಮಿಲಿಸೆಕೆಂಡಿನದಾದರೂ ಶುರುವಾದದ್ದು ತಡವಾದರೆ ಆ ಸರದಿ ತಪ್ಪಿತು, ಪರದೆ ಹಳೆಯ ಚಿತ್ರವನ್ನೇ ಮತ್ತೆ ತೋರಿಸಿತು. ಕಣ್ಣಿಗೆ ಅದೇ ಮುಗ್ಗರಿಕೆ. ಜೆಲ್ಲಿ ಬೀನ್‌ನಲ್ಲಿ ಪರದೆಯ ಮಿಡಿತ ಬಂದ ಕ್ಷಣಕ್ಕೆ ಸರಿಯಾಗಿ ಎಲ್ಲ ಆ್ಯಪ್‌ಗಳೂ ಕೆಲಸ ಶುರುಮಾಡಬೇಕು ಎಂದು ಕಟ್ಟುಹಾಕಿದರು. ಇದಕ್ಕೆ ವಿ-ಸಿಂಕ್ ಎನ್ನುತ್ತಾರೆ. ಮೃದಂಗದವರ ಪೆಟ್ಟಿಗೆ ಇಡೀ ಮೇಳ ಹೊಂದಿಕೊಂಡ ಹಾಗೆ.

ಅಷ್ಟಾದರೂ ಕೆಲವೊಮ್ಮೆ ಒಂದು ಚಿತ್ರ ತಡವಾಗುವುದುಂಟು. ಆಗ ಮುಂದಿನದು ಕಾಯುತ್ತಾ ಕೂರಬಾರದೆಂದು ಚಿತ್ರ ಸಿದ್ಧಪಡಿಸಿ ಇಡುವ ಜಾಗಗಳನ್ನು, ಅಂದರೆ ಬಫರ್‌ಗಳನ್ನು, ಎರಡರ ಬದಲು ಮೂರು ಕೊಟ್ಟರು. ಒಂದು ಪರದೆಯ ಮೇಲೆ, ಒಂದು ಗ್ರಾಫಿಕ್ಸ್ ಚಿಪ್ಪಿನ ಕೈಯಲ್ಲಿ, ಇನ್ನೊಂದು ಪ್ರೊಸೆಸರ್ ಬಳಿ. ಸ್ಪರ್ಶದ ಮಾಹಿತಿಯನ್ನೂ ಅದೇ ತಾಳಕ್ಕೆ ಕಟ್ಟಿದರು. ಸುಮ್ಮನಿದ್ದ ಫೋನನ್ನು ಮುಟ್ಟಿದ ಕೂಡಲೇ ಪ್ರೊಸೆಸರ್ ಪೂರ್ಣ ವೇಗಕ್ಕೆ ಏರುವಂತೆ ಮಾಡಿದರು. ಹಳೆಯ ಮತ್ತು ಹೊಸ ಆವೃತ್ತಿಯ ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟು, ಹೈ-ಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದು ಸಮ್ಮೇಳನದ ವೇದಿಕೆಯಲ್ಲೇ ವ್ಯತ್ಯಾಸ ತೋರಿಸಿದ್ದರು. ಇಡೀ ಜೆಲ್ಲಿ ಬೀನ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದೇ. ಇದಕ್ಕೆ ಗುಂಡಿಯಿಲ್ಲ, ಮೆನುವಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ.

ಮೇಲಿಂದ ಎಳೆಯೋ ನೋಟಿಫಿಕೇಶನ್ ಪಟ್ಟಿ ಈಗಿನ ರೂಪಕ್ಕೆ ಬಂದದ್ದು ಆಗಲೇನಾ?

ಹೌದು, ಬಹುಪಾಲು. ಎರಡು ಬೆರಳಲ್ಲಿ ಎಳೆದರೆ ಸೂಚನೆ ಹಿಗ್ಗಿ ಮಿಂಚಂಚೆಯ ಮೊದಲ ಸಾಲುಗಳೋ ಚಿತ್ರವೋ ಅಲ್ಲೇ ಕಾಣುವಂತಾಯಿತು. ತಪ್ಪಿದ ಕರೆಯ ಕೆಳಗೇ ‘ಮತ್ತೆ ಕರೆ ಮಾಡು’ ಎಂಬಂಥ ಗುಂಡಿಗಳು ಬಂದವು. ಹೆಚ್ಚು ಜನ ಗಮನಿಸದ ಒಂದು ಉಪಕಾರವೂ ಆಗಲೇ ಆಯಿತು: ಕಾಟ ಕೊಡುವ ಸೂಚನೆಯನ್ನು ಒತ್ತಿ ಹಿಡಿದು, ಆ ಆ್ಯಪಿನ ಮಾಹಿತಿ ಪುಟಕ್ಕೆ ಹೋಗಿ, ಒಂದು ಗುರುತು ತೆಗೆದರೆ ಅದರ ಬಾಯಿ ಪೂರ್ತಿ ಬಂದ್. ಜಾಹೀರಾತು ಸುರಿಯುವ ಆಟಗಳಿಂದ ನನ್ನನ್ನು ಕಾಪಾಡಿದ್ದು ಆ ಒಂದು ಗುರುತು.

ಗೂಗಲ್ ನೌ ಅಂತ ಒಂದಿತ್ತಲ್ಲ, ಅದೇನಾಯ್ತು?

4.1 ಜೊತೆ ಬಂದ ಸಹಾಯಕ ಅದು. ಕೇಳುವ ಮೊದಲೇ ಹೇಳುವುದು ಅದರ ಗುಣ. ಕಚೇರಿಗೆ ಹೊರಡುವ ಹೊತ್ತಿಗೆ ದಾರಿಯ ಸಂಚಾರ, ಊರಿನ ಹವಾಮಾನ, ಆಟದ ಸ್ಕೋರು, ಇವೆಲ್ಲ ಇಸ್ಪೀಟೆಲೆಯಂಥ ಕಾರ್ಡುಗಳಾಗಿ ಬರುತ್ತಿದ್ದವು. ಕೆಲವರಿಗೆ ಅದು ಅನುಕೂಲ, ಕೆಲವರಿಗೆ ‘ನಾನು ಎಲ್ಲಿಗೆ ಹೋಗ್ತೀನಿ ಅಂತ ಇದಕ್ಕೆ ಹೇಗೆ ಗೊತ್ತು’ ಎಂಬ ಕಸಿವಿಸಿ. ಮುಂದೆ ಆ ಹೆಸರು ಮರೆಯಾಗಿ ಅದರ ಕೆಲಸ ಗೂಗಲ್ ಅಸಿಸ್ಟೆಂಟ್ ಮತ್ತು ಡಿಸ್ಕವರ್ ನಡುವೆ ಹಂಚಿಹೋಯಿತು.

4.2ರಲ್ಲಿ ಡಿಸೆಂಬರ್ ತಿಂಗಳೇ ಇರಲಿಲ್ಲವಂತೆ, ಇದು ಜೋಕಾ?

ಜೋಕಲ್ಲ, ನಿಜ. ಸಂಪರ್ಕ ಪಟ್ಟಿಯಲ್ಲಿ ಯಾರದಾದರೂ ಹುಟ್ಟಿದ ದಿನ ಸೇರಿಸಲು ಹೋದರೆ ನವೆಂಬರ್ ಆದಮೇಲೆ ನೇರ ಜನವರಿ. ಡಿಸೆಂಬರಿನಲ್ಲಿ ಹುಟ್ಟಿದವರಿಗೆ ಜನ್ಮದಿನವೇ ಇಲ್ಲ. ಅದೇ ನವೆಂಬರಿನಲ್ಲಿ 4.2.1 ಕಳಿಸಿ ತಿಂಗಳನ್ನು ವಾಪಸು ತಂದರು.

ಅದೊಂದನ್ನೇ ಹೇಳಿ ನಕ್ಕರೆ 4.2ಕ್ಕೆ ಅನ್ಯಾಯ. ಅಕ್ಷರದಿಂದ ಅಕ್ಷರಕ್ಕೆ ಬೆರಳು ಜಾರಿಸಿ ಬರೆಯುವುದು, ವೈ-ಫೈ, ಬ್ಲೂಟೂತ್‌ಗಳಿಗೆ ಮೇಲಿಂದ ಎಳೆಯುವ ಕ್ವಿಕ್ ಸೆಟ್ಟಿಂಗ್ಸ್, ಸುತ್ತಲಿನ ನೋಟವನ್ನೆಲ್ಲ ಗೋಲದಂತೆ ಹೊಲಿಯುವ ಫೋಟೋ ಸ್ಫಿಯರ್, ಟಿವಿಗೆ ತಂತಿಯಿಲ್ಲದೆ ಪರದೆ ಕಳಿಸುವ ಮಿರಾಕಾಸ್ಟ್, ಕಣ್ಣು ಮಂದವಿದ್ದವರು ಮೂರು ಸಲ ತಟ್ಟಿ ಪರದೆಯನ್ನೇ ಹಿಗ್ಗಿಸುವ ಸೌಲಭ್ಯ, ಎಲ್ಲ ಇದರಲ್ಲೇ ಬಂದವು. ಲಾಕ್ ಪರದೆಯ ಮೇಲೆ ವಿಜೆಟ್ (ಆ್ಯಪಿನ ಪುಟ್ಟ ಕಿಟಕಿ) ಇಡುವ ಅವಕಾಶವೂ ಬಂತು, 5.0ರಲ್ಲಿ ಹೊರಟೂ ಹೋಯಿತು. ಒಂದೇ ಸಾಧನದಲ್ಲಿ ಹಲವರ ಖಾತೆ ಇಡುವುದನ್ನು ಆಗ ಟ್ಯಾಬ್ಲೆಟ್‌ಗಳಿಗೆ ಮಾತ್ರ ಕೊಟ್ಟರು. ಫೋನಿನವರು 5.0 ತನಕ ಕಾಯಬೇಕಾಯಿತು.

4.3ರಲ್ಲಿ ಹೊಸದೇನೂ ಕಾಣಲ್ವಲ್ಲ?

ಕಣ್ಣಿಗೆ ಕಾಣುವುದು ಕಡಿಮೆ. ಕೈಗೆ ಕಟ್ಟುವ ಪಟ್ಟಿ, ಕೈಗಡಿಯಾರಗಳ ಜೊತೆ ಕಡಿಮೆ ಬ್ಯಾಟರಿಯಲ್ಲಿ ಮಾತಾಡುವ ಬ್ಲೂಟೂತ್ ಲೋ ಎನರ್ಜಿ, ಆಟಗಳ ಗ್ರಾಫಿಕ್ಸ್‌ಗೆ ಓಪನ್‌ಜಿಎಲ್ ಇಎಸ್ 3.0, ಮಕ್ಕಳಿಗೆ ಕೊಡಲು ನಿರ್ಬಂಧಿತ ಖಾತೆ ಇದರ ಮುಖ್ಯ ಸರಕು. ಹಳೆಯ ನೆಕ್ಸಸ್ 7 ತಿಂಗಳುಗಳು ಉರುಳಿದಂತೆ ಆಮೆಯಾಗುತ್ತಿತ್ತು. ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆ ಎಂದು ಒಳಗಿನ ಫ್ಲ್ಯಾಶ್ ಮೆಮರಿಗೆ ಯಾರೂ ಹೇಳುತ್ತಿರಲಿಲ್ಲ. ಟ್ರಿಮ್ ಎಂಬ ಆ ಕೆಲಸವನ್ನು 4.3 ಫೋನು ಸುಮ್ಮನಿದ್ದಾಗ ತಾನೇ ಮಾಡತೊಡಗಿತು. ಆ್ಯಪ್‌ಗಳ ಅನುಮತಿಯನ್ನು ಒಂದೊಂದಾಗಿ ಕಿತ್ತುಕೊಳ್ಳುವ ‘ಆ್ಯಪ್ ಆಪ್ಸ್’ ಎಂಬ ಪುಟವೂ ಒಳಗೆ ಅಡಗಿತ್ತು. ಜನ ಹುಡುಕಿ ಬಳಸತೊಡಗಿದ ಮೇಲೆ 4.4.2ರಲ್ಲಿ ಅದನ್ನು ಮುಚ್ಚಿದರು. ಅದೇ ವಿಚಾರ 2015ರಲ್ಲಿ 6.0 ಆವೃತ್ತಿಯ ದೊಡ್ಡ ಸೌಲಭ್ಯವಾಗಿ ಮರಳಿತು.

ಫ್ಲ್ಯಾಶ್ ವಿಡಿಯೋ ಯಾಕೆ ಓಡ್ತಿರಲಿಲ್ಲ?

ಆಗ ಜಾಲಪುಟಗಳ ವಿಡಿಯೋ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರನ್ನು 4.1ಕ್ಕೆ ಪ್ರಮಾಣೀಕರಿಸುವುದಿಲ್ಲ ಎಂದು ಅದನ್ನು ತಯಾರಿಸುತ್ತಿದ್ದ ಅಡೋಬಿಯೇ ಹೇಳಿತು. 2012ರ ಆಗಸ್ಟ್ 15ರಿಂದ ಪ್ಲೇ ಸ್ಟೋರಿನಲ್ಲಿ ಹೊಸದಾಗಿ ಹಾಕಿಕೊಳ್ಳುವ ದಾರಿಯೂ ಮುಚ್ಚಿತು.

## ಕನ್ನಡದ ಪ್ರಶ್ನೆಗಳು

ಅದಕ್ಕಿಂತ ಹಳೇ ಫೋನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣ್ತಿತ್ತು, ಯಾಕೆ?

ಎರಡು ಕೊರತೆಗಳು ಒಟ್ಟಿಗೆ ಇದ್ದವು. ಮೊದಲನೆಯದು ಫಾಂಟ್. ಫೋನಿನಲ್ಲಿ ಕನ್ನಡ ಅಕ್ಷರದ ಚಿತ್ರವೇ ಇಲ್ಲದಿದ್ದರೆ ಅದರ ಬದಲು ಖಾಲಿ ಚೌಕ ಬರುತ್ತದೆ. ಎರಡನೆಯದು, ಫಾಂಟ್ ತುರುಕಿದರೂ ಬಗೆಹರಿಯದ ತೊಡಕು: ಅಕ್ಷರ ಜೋಡಣೆ.

‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಗೊತ್ತುಮಾಡಿರುವ ಯೂನಿಕೋಡ್‌ನಲ್ಲಿ ಅದು ಏಳು ಸಂಕೇತಗಳ ಸಾಲು: ಕ, ರ, ಹಲಂತ, ನ, ಆ-ಕಾರ, ಟ, ಕ. ರ ಮೊದಲು, ನ ಆಮೇಲೆ. ಆದರೆ ಬರೆಯುವಾಗ ನಾವು ‘ನಾ’ ಬರೆದು ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೇವೆ. ಕ್ರಮ ತಿರುಗಿಸಿ, ಗುಣಿತ ಅಂಟಿಸಿ, ಒತ್ತನ್ನು ಕೆಳಗಿಳಿಸುವ ಲೆಕ್ಕ ಗೊತ್ತಿರುವ ಸಾಫ್ಟ್‌ವೇರ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ. ಲೆಕ್ಕ ಗೊತ್ತಿಲ್ಲದ ಫೋನು ಅವನ್ನು ಒಂದರ ಪಕ್ಕ ಒಂದು ಸುಮ್ಮನೆ ಸಾಲಾಗಿ ನಿಲ್ಲಿಸುತ್ತಿತ್ತು. ಮೂಳೆ ಮುರಿದ ಹಾಗೆ ಕಾಣುತ್ತಿದ್ದ ಆ ಕನ್ನಡ ಓದಿದವರಿಗೆ ನೆನಪಿರುತ್ತದೆ.

ಆಗ ನಮ್ಮ ಪಾಲಿನ ಉಪಾಯ ಒಪೆರಾ ಮಿನಿ. ಅದರ ವಿಳಾಸಪಟ್ಟಿಯಲ್ಲಿ ಸಂರಚನಾ ಪುಟ ತೆರೆದು, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬಲ್ಲಿ ‘ಯೆಸ್’ ಒತ್ತಿದರೆ, ಒಪೆರಾದ ಸರ್ವರೇ ಕನ್ನಡವನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಈ ಗುಟ್ಟನ್ನು ಗೆಳೆಯರಿಗೆ ಹೇಳಿಕೊಟ್ಟೇ ನಾನು ‘ಫೋನ್ ಗೊತ್ತಿರುವವನು’ ಆದೆ ಅನ್ನಿಸುತ್ತದೆ. ಪತ್ರಿಕೆ ಓದಲು ಸಾಕು, ಆದರೆ ಬ್ರೌಸರಿನ ಹೊರಗೆ, ಎಸ್ಸೆಮ್ಮೆಸ್ಸಿನಲ್ಲೂ ಸಂಪರ್ಕ ಪಟ್ಟಿಯಲ್ಲೂ ಮತ್ತೆ ಚೌಕಗಳೇ.

ಜೆಲ್ಲಿ ಬೀನ್ ಬಂದ ಕೂಡಲೇ ಫೋನೆಲ್ಲ ಕನ್ನಡ ಆಯ್ತಾ?

ಓದಲು ಬಂತು. ಫೋನು ತಾನೇ ಕನ್ನಡ ಮಾತಾಡಲಿಲ್ಲ.

4.1ರಲ್ಲಿ ಹೊಸದಾಗಿ ಬೆಂಬಲ ಪಡೆದ ಭಾರತೀಯ ಭಾಷೆಗಳೆಂದು ಗೂಗಲ್ ಪಟ್ಟಿಮಾಡಿದ್ದು ಮೂರನ್ನು: ಕನ್ನಡ, ತೆಲುಗು, ಮಲಯಾಳಂ. ಇದು ಯಾವುದೋ ಒಂದು ಆ್ಯಪಿನ ಒಳಗಿನ ಸೌಲಭ್ಯವಾಗಿರದೆ ವ್ಯವಸ್ಥೆಯ ಬುಡದಲ್ಲೇ ಇದ್ದುದರಿಂದ ಟ್ವಿಟರ್, ಮಿಂಚಂಚೆ, ವಾಟ್ಸ್ಯಾಪ್ ಎಲ್ಲ ಕಡೆ ಕನ್ನಡ ಒಂದೇ ಸಲಕ್ಕೆ ಸರಿಹೋಯಿತು. ಅಲ್ಲಿಯವರೆಗೆ ಕೆಲವು ತಯಾರಕರು ತಮ್ಮ ಕೆಲವು ಮಾದರಿಗಳಲ್ಲಿ ಮಾತ್ರ ಇದನ್ನು ಕೊಡುತ್ತಿದ್ದರು.

ಮೆನು, ಸೆಟ್ಟಿಂಗ್ಸ್ ಎಲ್ಲ ಕನ್ನಡದಲ್ಲಿ ಬೇಕೆಂದವರು 2014ರ ಕೊನೆಗೆ ಬಂದ 5.0 ಲಾಲಿಪಾಪ್ ತನಕ ಕಾದರು. ಆ ಆವೃತ್ತಿಯಲ್ಲಿ ಸೇರಿದ 15 ಹೊಸ ಭಾಷೆಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿ ಇದ್ದವು. ಮೊದಲು ಕನ್ನಡ ಸರಿಯಾಗಿ ಕಾಣಬೇಕು, ಮೆನು ಅನುವಾದ ಆಮೇಲೆ ಆದರೂ ನಡೆಯುತ್ತದೆ ಎಂಬ ಪಕ್ಷ ನನ್ನದು. ಹಾಗಾಗಿ ಲೆಕ್ಕಕ್ಕೆ ಹಿಡಿಯುವುದಾದರೆ ಕನ್ನಡಿಗರ ಮಟ್ಟಿಗೆ ಆಂಡ್ರಾಯ್ಡ್ ಹುಟ್ಟಿದ ವರ್ಷ 2012.

ಓದಬಹುದು ಸರಿ, ಕನ್ನಡದಲ್ಲಿ ಬರೆಯೋಕೆ ಏನ್ ಮಾಡ್ತಿದ್ರಿ?

ಬೇರೆ ಕೀಬೋರ್ಡ್ ಹಾಕಿಕೊಳ್ಳುತ್ತಿದ್ದೆವು. ಎನಿಸಾಫ್ಟ್‌ಕೀಬೋರ್ಡಿಗೆ ಕನ್ನಡದ ಪೊಟ್ಟಣ, ಮಲ್ಟಿಲಿಂಗ್ ಕೀಬೋರ್ಡ್, 2013ರಲ್ಲಿ ಬಂದ ಐಐಟಿ ಬಾಂಬೆಯ ಸ್ವರಚಕ್ರ. ಸ್ವರಚಕ್ರದ ಯೋಚನೆ ಚೆಂದ: ಒಂದು ವ್ಯಂಜನ ಒತ್ತಿದರೆ ಅದರ ಸುತ್ತ ಕಾಗುಣಿತದ ಚಕ್ರ ತೆರೆದುಕೊಳ್ಳುತ್ತಿತ್ತು, ಬೇಕಾದ ಕಡೆ ಬೆರಳು ಜಾರಿಸಿದರೆ ಅಕ್ಷರ ಸಿದ್ಧ. ಗಣಕದಲ್ಲಿ ಕಗಪ ಎಂಬ ಕೀಬೋರ್ಡ್ ವಿನ್ಯಾಸ ಕಲಿತ ನನ್ನಂಥವರಿಗೆ ಮಾತ್ರ ಅದು ಕೈಗೆ ಕೂರಲಿಲ್ಲ. ಗೂಗಲ್‌ನ ಇಂಡಿಕ್ ಕೀಬೋರ್ಡ್, ಆಮೇಲೆ ಜಿಬೋರ್ಡ್ ಬಂದಮೇಲೆ ಬಹಳ ಜನ ಅದಕ್ಕೇ ಹೊರಳಿದರು.

‘ರ‍್ಯಾಂಕ್’ ಅಂತ ಬರೆದ್ರೆ ‘ರ್ಯಾಂಕ್’ ಅಂತಾನೇ ಬರ್ತಿತ್ತು. ಫೋನಿನ ತಪ್ಪಾ?

ಫೋನಿನ ತಪ್ಪು ಅರ್ಧ, ಕೀಬೋರ್ಡಿನದು ಅರ್ಧ. ರ ಆದಮೇಲೆ ಹಲಂತ ಬಂದರೆ ಅದನ್ನು ಅರ್ಕಾವತ್ತು ಮಾಡು ಎಂಬುದು ಸಾಮಾನ್ಯ ನಿಯಮ. ರ ಪೂರ್ತಿಯಾಗಿ ನಿಂತು ಕೆಳಗೆ ಯ ಒತ್ತು ಬರಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಡಬೇಕು. ಆ ಸಂಕೇತಕ್ಕೆ ಕೀಲಿಯೇ ಇಲ್ಲದ ಕೀಬೋರ್ಡುಗಳು ಆಗ ಬೇಕಾದಷ್ಟಿದ್ದವು.

## ಫೋನುಗಳು, ಅಪ್‌ಡೇಟುಗಳು

ನಮ್ಮಲ್ಲಿ ಯಾವ್ಯಾವ ಫೋನಲ್ಲಿ ಜೆಲ್ಲಿ ಬೀನ್ ಇತ್ತು?

2013ರಲ್ಲಿ ಅಂಗಡಿಗೆ ಹೋದವರಿಗೆ ಅದನ್ನು ತಪ್ಪಿಸಿಕೊಳ್ಳುವುದೇ ಕಷ್ಟವಿತ್ತು. ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ ಎಚ್‌ಡಿ, ಕ್ಯಾನ್ವಾಸ್ 4, ಸ್ಯಾಮ್‌ಸಂಗ್ ಗ್ಯಾಲಕ್ಸಿ ಗ್ರ್ಯಾಂಡ್, ಗ್ಯಾಲಕ್ಸಿ ಎಸ್4, ಎಚ್‌ಟಿಸಿ ಒನ್, ಎಲ್ಲದರಲ್ಲೂ ಇದೇ. 2014ರ ಫೆಬ್ರುವರಿಯಲ್ಲಿ ಫ್ಲಿಪ್‌ಕಾರ್ಟ್‌ನಲ್ಲಿ 12,499 ರೂಪಾಯಿಗೆ ಬಂದು ಜನ ಮುಗಿಬಿದ್ದ ಮೊದಲ ಮೋಟೋ ಜಿ ಹುಟ್ಟಿದ್ದೂ 4.3ರಲ್ಲಿ. ಗೂಗಲ್ ಪ್ರಕಟಿಸುತ್ತಿದ್ದ ಲೆಕ್ಕದಲ್ಲಿ 2014ರ ಆರಂಭದ ಹೊತ್ತಿಗೆ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಸಾಧನಗಳ ಅರ್ಧಕ್ಕೂ ಹೆಚ್ಚು ಪಾಲು ಜೆಲ್ಲಿ ಬೀನ್.

ಒಳಗೆ ಜೆಲ್ಲಿ ಬೀನ್ ಇದ್ದೂ ಹಾಗೆ ಕಾಣದ ಸಾಧನಗಳೂ ಇದ್ದವು. ಮೈಕ್ರೋಸಾಫ್ಟ್ ಕೈಸೇರುವ ಮುಂಚೆ ನೋಕಿಯಾ ತಂದ ನೋಕಿಯಾ ಎಕ್ಸ್, ಹೊರನೋಟಕ್ಕೆ ವಿಂಡೋಸ್ ಫೋನಿನ ಚೌಕಗಳನ್ನು ಹೊದ್ದುಕೊಂಡಿದ್ದರೂ ಒಳಗೆ 4.1.2. ಊಯಾ ಎಂಬ ಪುಟ್ಟ ಗೇಮ್ ಪೆಟ್ಟಿಗೆಯೂ ಇದರ ಮೇಲೇ ನಿಂತಿತ್ತು.

ಅಪ್‌ಡೇಟ್ ಬರತ್ತೆ ಬರತ್ತೆ ಅಂದ್ರು, ಕೊನೆಗೂ ಬರಲಿಲ್ಲ. ಯಾರ ತಪ್ಪು ಸಾರ್?

ಈ ಗಾಯ ನನಗೂ ಇದೆ. 4.0 ಇದ್ದ ಫೋನೊಂದನ್ನು ‘ಜೆಲ್ಲಿ ಬೀನ್ ಸಿಗುತ್ತದೆ’ ಎಂಬ ಮಾತು ನಂಬಿ ಕೊಂಡೆ. ತಿಂಗಳಿಗೊಮ್ಮೆ ಸೇವಾ ಕೇಂದ್ರಕ್ಕೆ ಫೋನ್ ಮಾಡಿದೆ. ಪ್ರತಿ ಸಲವೂ ‘ಮುಂದಿನ ತಿಂಗಳು’. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ.

ತಪ್ಪು ಸರಪಳಿಯದು. ಗೂಗಲ್ ಸಂಕೇತ ಬಿಡುಗಡೆ ಮಾಡಿದ ಮೇಲೆ ಚಿಪ್ ತಯಾರಕರು ತಮ್ಮ ಡ್ರೈವರ್‌ಗಳನ್ನು (ಚಿಪ್ಪನ್ನು ಆಂಡ್ರಾಯ್ಡ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಅದಕ್ಕೆ ಹೊಂದಿಸಬೇಕು. ಆಮೇಲೆ ಫೋನ್ ಕಂಪನಿ ತನ್ನ ಅಲಂಕಾರ ಸೇರಿಸಿ ಪರೀಕ್ಷಿಸಬೇಕು. ಅಗ್ಗದ ಫೋನಿನಲ್ಲಿ ಲಾಭ ತೆಳು, ಮಾರಿದ ಮೇಲೆ ದುಡಿಯಲು ಯಾರಿಗೂ ಆಸಕ್ತಿಯಿಲ್ಲ. ಮೆಮರಿ ಕೊರತೆಯೂ ಸೇರಿತು: 512 ಎಂಬಿ ಅಥವಾ ಅದಕ್ಕಿಂತ ಕಡಿಮೆ ರ್‍ಯಾಮ್ ಇರುವ ತನ್ನ ಫೋನುಗಳಿಗೆ ಜೆಲ್ಲಿ ಬೀನ್ ಕೊಡುವುದಿಲ್ಲ ಎಂದು ಎಚ್‌ಟಿಸಿ ಆಗಲೇ ಹೇಳಿಬಿಟ್ಟಿತ್ತು. ತಯಾರಕರಿಗೆ ಎರಡು ಮೂರು ತಿಂಗಳು ಮೊದಲೇ ಸರಕು ಕೊಡುವ ಕಿಟ್ಟೊಂದನ್ನು ಗೂಗಲ್ 2012ರಲ್ಲೇ ಪ್ರಕಟಿಸಿತು. ಚಿಪ್ಪಿನ ಭಾಗವನ್ನೂ ಆಂಡ್ರಾಯ್ಡ್ ಭಾಗವನ್ನೂ ಬೇರ್ಪಡಿಸುವ ನಿಜವಾದ ಮದ್ದು ಬಂದದ್ದು 2017ರ 8.0ರಲ್ಲಿ, ಪ್ರಾಜೆಕ್ಟ್ ಟ್ರೆಬಲ್ ಹೆಸರಿನಲ್ಲಿ.

ಕಸ್ಟಮ್ ರಾಮ್ ಹಾಕಿದ್ರೆ ಆಗತ್ತಾ?

ಕಸ್ಟಮ್ ರಾಮ್ ಎಂದರೆ ಫೋನ್ ಕಂಪನಿಯಲ್ಲದ ಬೇರೆಯವರು ಸಿದ್ಧಪಡಿಸಿದ ಆಂಡ್ರಾಯ್ಡ್. ಕಂಪನಿ ಕೈಬಿಟ್ಟ ಫೋನುಗಳನ್ನು ಎತ್ತಿಕೊಂಡದ್ದೇ ಸಯನೋಜೆನ್‌ಮಾಡ್ ತಂಡ. ಅದರ 10, 10.1, 10.2 ಕ್ರಮವಾಗಿ 4.1, 4.2, 4.3ಕ್ಕೆ ಸಮ. 11 ಎಂದರೆ ಕಿಟ್‌ಕ್ಯಾಟ್. ಈಗ ಆ ಯೋಜನೆಯೇ ನಿಂತಿದೆ, 2016ರ ಕೊನೆಗೆ ಅದರ ಜಾಗಕ್ಕೆ ಲಿನಿಯೇಜ್ ಓಎಸ್ ಬಂತು. ಎಲ್ಲೋ ಉಳಿದಿರುವ ಹಳೆಯ ಕಡತ ಇಳಿಸಿಕೊಳ್ಳುವಾಗ ನಿಮ್ಮ ಮಾದರಿಯ ಸಂಖ್ಯೆ ಅಕ್ಷರಶಃ ಹೊಂದಬೇಕು. ಒಂದಕ್ಷರ ಬೇರೆಯಿದ್ದರೂ ಫೋನು ಮತ್ತೆ ಶುರುವಾಗದೆ ಇಟ್ಟಿಗೆಯಾಗುವ ಅಪಾಯವಿದೆ.

## ಸ್ವಲ್ಪ ಆಳದವು

ಡೆವಲಪರ್ ಆಪ್ಶನ್ಸ್ ಎಲ್ಲಿ ಮಾಯವಾಯ್ತು?

ಅದು ಆ್ಯಪ್ ಬರೆಯುವವರಿಗೆ ಬೇಕಾದ ಸೆಟ್ಟಿಂಗ್‌ಗಳ ಪುಟ, 4.2ರಿಂದ ಅದನ್ನು ಬಚ್ಚಿಟ್ಟರು. ‘ಅಬೌಟ್’ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಿದರೆ ಹೊರಬರುತ್ತದೆ. 4.2.2ರಿಂದ ಇನ್ನೊಂದು ಬೀಗವೂ ಬಿತ್ತು: ಯುಎಸ್‌ಬಿ ಮೂಲಕ ಡೀಬಗ್ ಮಾಡುವ (ಆ್ಯಪಿನ ದೋಷ ಹುಡುಕುವ) ಗಣಕಕ್ಕೆ ಫೋನಿನ ಪರದೆಯ ಮೇಲೆ ನೀವೇ ಒಪ್ಪಿಗೆ ಕೊಡಬೇಕು.

ಜೆಲ್ಲಿ ಬೀನ್ ಭದ್ರತೆ ಹೇಗಿತ್ತು? ಹಾರ್ಟ್‌ಬ್ಲೀಡ್ ಬಂದಾಗ ಹೆದರಿಸಿದ್ರಲ್ಲ?

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಆಂಡ್ರಾಯ್ಡ್‌ಗಳ ಪೈಕಿ ಸಿಕ್ಕಿಬಿದ್ದದ್ದು 4.1.1 ಒಂದೇ. ಜಾಲದ ಮಾತುಕತೆಯನ್ನು ಗೂಢಲಿಪಿಯಲ್ಲಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್‌ನ ದೋಷವಿದ್ದ ಭಾಗ ಅದರಲ್ಲಿ ತೆರೆದಿತ್ತು, 4.1.2ರಲ್ಲಿ ಮುಚ್ಚಿತ್ತು. ಕೊನೆಯ ಒಂದು ಅಂಕಿಯಲ್ಲಿ ಅಷ್ಟು ವ್ಯತ್ಯಾಸ.

ಅದಕ್ಕೂ ಮುಂಚೆ, 2013ರ ಬೇಸಿಗೆಯಲ್ಲಿ ಬ್ಲೂಬಾಕ್ಸ್ ಎಂಬ ಸಂಸ್ಥೆ ತೋರಿಸಿದ ‘ಮಾಸ್ಟರ್ ಕೀ’ ದೋಷ ಇನ್ನೂ ಸ್ವಾರಸ್ಯದ್ದು. ಆ್ಯಪಿನ ಪೊಟ್ಟಣದೊಳಗೆ ಒಂದೇ ಹೆಸರಿನ ಎರಡು ಕಡತ ಇಟ್ಟರೆ, ಸಹಿ ಪರೀಕ್ಷಿಸುವ ಭಾಗ ಒಂದನ್ನು ನೋಡಿ ಸರಿಯಿದೆ ಎನ್ನುತ್ತಿತ್ತು, ಓಡಿಸುವ ಭಾಗ ಇನ್ನೊಂದನ್ನು ಎತ್ತಿಕೊಳ್ಳುತ್ತಿತ್ತು. ಬಾಗಿಲಲ್ಲಿ ಅಣ್ಣನ ಗುರುತಿನ ಚೀಟಿ ತೋರಿಸಿ ತಮ್ಮ ಒಳಗೆ ನುಗ್ಗಿದಂತೆ.

ಒಳ್ಳೆಯದನ್ನೂ ಹೇಳಬೇಕು. ಪ್ರೋಗ್ರಾಮಿನ ಭಾಗಗಳನ್ನು ಮೆಮರಿಯಲ್ಲಿ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿಟ್ಟು ದಾಳಿಕೋರರಿಗೆ ವಿಳಾಸ ಸಿಗದಂತೆ ಮಾಡುವ ಎಎಸ್‌ಎಲ್‌ಆರ್ ಆಂಡ್ರಾಯ್ಡ್‌ನಲ್ಲಿ ಪೂರ್ತಿ ರೂಪ ಪಡೆದದ್ದು 4.1ರಲ್ಲಿ. ದುಡ್ಡು ಕತ್ತರಿಸುವ ಸಂಖ್ಯೆಗಳಿಗೆ ಗುಟ್ಟಾಗಿ ಎಸ್ಸೆಮ್ಮೆಸ್ ಕಳಿಸುವ ಆ್ಯಪ್‌ಗಳನ್ನು ತಡೆದು ಕೇಳುವುದು ಬಂದದ್ದು 4.2ರಲ್ಲಿ. ಆದರೆ 2015ರ ಜನವರಿಯಲ್ಲಿ, 4.3 ಮತ್ತು ಹಿಂದಿನವುಗಳಲ್ಲಿ ಆ್ಯಪ್‌ಗಳ ಒಳಗೆ ಜಾಲಪುಟ ತೋರಿಸುವ ವೆಬ್‌ವ್ಯೂ ಭಾಗಕ್ಕೆ ಇನ್ನು ತಾವು ತೇಪೆ ಹಾಕುವುದಿಲ್ಲ ಎಂಬುದು ಗೂಗಲ್ ಕಡೆಯಿಂದ ಖಚಿತವಾಯಿತು. ಆಗಿನ್ನೂ ಕೋಟ್ಯಂತರ ಜನರ ಜೇಬಿನಲ್ಲಿ ಅದೇ ಇತ್ತು. ನಾನು ಬ್ಯಾಂಕಿನ ಕೆಲಸಕ್ಕೆ ಆ ಫೋನು ಬಳಸುವುದನ್ನು ಬಿಟ್ಟದ್ದು ಅಂದಿನಿಂದ.

ವೈ-ಫೈ ಸಿಗುತ್ತೆ, ಆದ್ರೂ ಎಷ್ಟೋ ವೆಬ್‌ಸೈಟ್ ತೆರೆಯಲ್ಲ. ಯಾಕೆ?

ಎರಡು ಕಾರಣ. ಇಂದಿನ ಜಾಲತಾಣಗಳು ಕನಿಷ್ಠ ಟಿಎಲ್‌ಎಸ್ 1.2 ಗೂಢಲಿಪೀಕರಣ ಕೇಳುತ್ತವೆ. ಜೆಲ್ಲಿ ಬೀನ್‌ಗೆ ಅದು ಗೊತ್ತು, ಆದರೆ ತಾನಾಗಿ ಬಳಸುವುದಿಲ್ಲ, ಆ್ಯಪ್ ಬರೆದವರು ಕೇಳಿ ಚಾಲೂ ಮಾಡಬೇಕು. ಇನ್ನೊಂದು, ತಾಣ ಅಸಲಿಯೇ ಎಂದು ಹೇಳುವ ಪ್ರಮಾಣಪತ್ರ. ಅಸಂಖ್ಯಾತ ತಾಣಗಳು ಬಳಸುವ ಲೆಟ್ಸ್ ಎನ್‌ಕ್ರಿಪ್ಟ್‌ನ ಮೂಲ ಪ್ರಮಾಣಪತ್ರ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ನಂಬಿಕೆಯ ಪಟ್ಟಿಯಲ್ಲಿ ಇಲ್ಲ. ಬೇರೊಂದು ಹಳೆಯ ಪ್ರಮಾಣಪತ್ರದ ಆಸರೆಯಲ್ಲಿ ಅವು ಕೆಲಕಾಲ ನಡೆದವು. ಆ ಆಸರೆ 2024ರ ಸೆಪ್ಟೆಂಬರ್ 30ಕ್ಕೆ ತೀರಿತು.

ದಾರಿಯೊಂದಿದೆ. ಫೈರ್‌ಫಾಕ್ಸ್ ತನ್ನದೇ ನಂಬಿಕೆಯ ಪಟ್ಟಿಯನ್ನು ಜೊತೆಗೆ ಹೊತ್ತು ತರುತ್ತದೆ. 4.1ಕ್ಕೆ ಒಗ್ಗುವ ಕೊನೆಯ ಫೈರ್‌ಫಾಕ್ಸ್ 68. ಕ್ರೋಮ್ ಅಂತೂ 71ರ ನಂತರ ಜೆಲ್ಲಿ ಬೀನನ್ನು ಕೈಬಿಟ್ಟಿತು. ಓದಲು ಮಾತ್ರ ಬಳಸಿ, ಪಾಸ್‌ವರ್ಡ್ ಹಾಕಬೇಡಿ.

ವಾಟ್ಸ್ಯಾಪ್ ಮತ್ತೆ ಹಾಕಿಕೊಳ್ಳೋಕೆ ಏನಾದ್ರೂ ಉಪಾಯ?

ಇಲ್ಲ. 2023ರ ಅಕ್ಟೋಬರ್ 24ರಿಂದ ವಾಟ್ಸ್ಯಾಪ್‌ಗೆ ಕನಿಷ್ಠ 5.0 ಬೇಕು. ಅದಕ್ಕೂ ಮೊದಲೇ, 2021ರಲ್ಲಿ, ಆ್ಯಪ್‌ಗಳಿಗೆ ಹಿನ್ನೆಲೆಯಲ್ಲಿ ಆಸರೆಯಾಗಿರುವ ಗೂಗಲ್ ಪ್ಲೇ ಸರ್ವೀಸಸ್ ಜೆಲ್ಲಿ ಬೀನ್‌ಗೆ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿತ್ತು. ‘ಹಳೇ ಎಪಿಕೆ ಇದೆ, ಹಾಕಿಕೊಳ್ಳಿ’ ಎಂದು ಯಾರೋ ಕಳಿಸಿದ ಕಡತವನ್ನು ಮುಟ್ಟಬೇಡಿ. ಸರ್ವರೇ ಒಪ್ಪದಿರುವಾಗ ಆ ಕಡತದಿಂದ ಸಿಗುವುದು ಬೇರೆ ಏನೋ.

ನಾನು ಆ್ಯಪ್ ಬರೀತೀನಿ. ಎಪಿಐ 16ಕ್ಕೆ ಈಗಲೂ ಬೆಂಬಲ ಕೊಡಬೇಕಾ?

ಎಪಿಐ ಮಟ್ಟ ಎಂದರೆ ಆ್ಯಪ್ ಬರೆಯುವವರು ಆಂಡ್ರಾಯ್ಡ್ ಆವೃತ್ತಿಯನ್ನು ಗುರುತಿಸುವ ಸಂಖ್ಯೆ; 4.1, 4.2, 4.3ಕ್ಕೆ ಅದು ಕ್ರಮವಾಗಿ 16, 17, 18. ಆ್ಯಪ್ ಬರೆಯಲು ಗೂಗಲ್ ಕೊಡುವ ಆಂಡ್ರಾಯ್ಡ್‌ಎಕ್ಸ್ ಗ್ರಂಥಾಲಯಗಳ ಕನಿಷ್ಠ ಮಟ್ಟವೇ 2023ರ ಕೊನೆಯಲ್ಲಿ 19ಕ್ಕೆ, ಮರುವರ್ಷ 21ಕ್ಕೆ ಏರಿತು. ಕೊಡಬೇಕಿಲ್ಲ. ಹಠ ಹಿಡಿದು ಕೊಡುವುದಾದರೆ 16ನ್ನು ಬಿಟ್ಟು 17ರಿಂದ ಶುರುಮಾಡಿ. 4.2ಕ್ಕಿಂತ ಮುಂಚೆ ವೆಬ್‌ವ್ಯೂಗೆ ಜಾವಾ ವಸ್ತುವೊಂದನ್ನು ಒಡ್ಡಿದರೆ ಪುಟದ ಜಾವಾಸ್ಕ್ರಿಪ್ಟ್ ಅದರ ಎಲ್ಲ ಸಾರ್ವಜನಿಕ ವಿಧಾನಗಳನ್ನೂ ಕರೆಯಬಹುದಿತ್ತು, ಅಲ್ಲಿಂದ ಫೋನಿನೊಳಗೇ ಇಳಿಯಬಹುದಿತ್ತು. 17ರಿಂದ ನೀವು ಗುರುತು ಹಾಕಿದ ವಿಧಾನಗಳಿಗೆ ಮಾತ್ರ ಪ್ರವೇಶ.

ಹಾಗಾದ್ರೆ ಬೀರುವಿನಲ್ಲಿರೋ ಈ ಫೋನಿಂದ ಏನು ಮಾಡ್ಲಿ?

ಮೊದಲು ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ನೋಡಿ. ಮೇಜಿನ ಮೇಲಿಟ್ಟು ತಿರುಗಿಸಿದರೆ ಬುಗುರಿಯ ಹಾಗೆ ಸುತ್ತುವಷ್ಟು ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟುಬಿಡಿ. ಚೆನ್ನಾಗಿದ್ದರೆ ಒಳಗಿನ ಫೋಟೋಗಳನ್ನು ಯುಎಸ್‌ಬಿ ತಂತಿಯಲ್ಲಿ ಗಣಕಕ್ಕೆ ಇಳಿಸಿಕೊಳ್ಳಿ, ಖಾತೆ ಅಳಿಸಿ, ಸಿಮ್ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ.

ಆಮೇಲೆ ಅಲಾರಂ, ಹಾಡು, ಪುಸ್ತಕದ ಪಿಡಿಎಫ್, ಅಷ್ಟಕ್ಕೆ ಧಾರಾಳ ಸಾಕು. ಆ ಕಾಲದ ಬಹಳಷ್ಟು ಫೋನುಗಳಲ್ಲಿ ಎಫ್‌ಎಂ ರೇಡಿಯೋ ಇತ್ತು, ಅದಕ್ಕೆ ಇಂಟರ್ನೆಟ್ಟೂ ಬೇಡ, ಪ್ರಮಾಣಪತ್ರವೂ ಬೇಡ. ನನ್ನದು ಅಡುಗೆಮನೆಯ ಕಿಟಕಿಯಲ್ಲಿ ಕೂತು ಬೆಳಿಗ್ಗೆ 102.9ರ ವಿವಿಧ ಭಾರತಿ ಹಾಡುತ್ತದೆ. ಇಯರ್‌ಫೋನ್ ತಂತಿಯೇ ಆಂಟೆನಾ ಆದ್ದರಿಂದ ಅದನ್ನು ಸಿಕ್ಕಿಸಿ, ಕಿಟಕಿಯ ಸರಳಿಗೆ ಸುತ್ತಿ, ಧ್ವನಿಯನ್ನು ಸ್ಪೀಕರಿಗೆ ತಿರುಗಿಸಿದ್ದೇನೆ.